ಏಳು ಮೀಟರ್ ಕೆಳಗಿನ ಪುವಾ

ನೂರೋವಾ ಬ್ರೆಡ್ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿದ, ಆದರೆ ಅವನಿಗೆ ಬ್ರೆಡ್ ಬೇಕಿರಲಿಲ್ಲ. ಬೇಕಿದ್ದದ್ದು ಸ್ವಲ್ಪ ಹೊತ್ತು, ಅದನ್ನು ಮಂಗಾಯಾ ದ್ವೀಪದ ಯಾವ ಅಂಗಡಿಯಲ್ಲೂ ಮಾರುತ್ತಿರಲಿಲ್ಲ. ಐವತ್ತು ಕೆಸುವಿನ ಎಲೆ, ಹನ್ನೆರಡು ತೆಂಗಿನಕಾಯಿ, ಎರಡು ಡಬ್ಬಿ ಉಪ್ಪುಮಾಂಸ ತೆಗೆದುಕೊಂಡು ಹತ್ತು ಗಂಟೆಯೊಳಗೆ ಬಾ ಎಂದು ದೊಡ್ಡಮ್ಮ ಕಳಿಸಿದ್ದಳು. ಎಲ್ಲವೂ ಸ್ಕೂಟರಿನ ಕಾಲಬಳಿ ಕುಳಿತಿತ್ತು. ಈಗ ಒಂಬತ್ತೂವರೆ. ಎರಡು ಗಂಟೆಗೆ ಕೆರೆಯ ದಂಡೆಯಲ್ಲಿ ಬೋರ್ಡು ನಿಲ್ಲಿಸುವ ಕಾರ್ಯಕ್ರಮ. ನಡುವಿನ ನಾಲ್ಕೂವರೆ ಗಂಟೆಯಲ್ಲಿ ಅವನು ಒಂದೇ ಒಂದು ವಾಕ್ಯವನ್ನು ದೊಡ್ಡಮ್ಮನಿಗೆ ಹೇಳಬೇಕಿತ್ತು. ಸ್ಕೂಟರ್ ಓಡುತ್ತಿದ್ದಾಗ ಆ ವಾಕ್ಯ ಚೆನ್ನಾಗಿಯೇ ಬರುತ್ತಿತ್ತು. 'ದೊಡ್ಡಮ್ಮ, ಆ ಪರಾಗ ಹಳೇದಲ್ಲ.' ಗಾಳಿಗೆ ಹೇಳಿದಾಗ ಗಾಳಿ ಏನೂ ಅನ್ನಲಿಲ್ಲ. ನಿಲ್ಲಿಸಿದ ಕೂಡಲೇ ವಾಕ್ಯವೂ ನಿಂತುಹೋಯಿತು. ಅಂಗಡಿಯವಳು ಒಳಗಿನಿಂದಲೇ, ಮೇಷ್ಟ್ರಿಗೆ ಇವತ್ತು ರೊಟ್ಟಿ ಗಿಟ್ಟಿ ಯಾಕೆ, ಬೋರ್ಡಿನ ಮೇಲೆ ಹೆಸರು ಬಂದಮೇಲೆ ಹೊಟ್ಟೆ ತಾನಾಗಿ ತುಂಬುತ್ತಲ್ಲ ಎಂದು ಚುಡಾಯಿಸಿದಳು. ಅವನು ನಕ್ಕು ಎರಡು ಬ್ರೆಡ್ ಕೊಂಡ. ನಕ್ಕದ್ದು ಚೆನ್ನಾಗಿ ಬಂತೆಂದು ಅವನಿಗೇ ಆಶ್ಚರ್ಯವಾಯಿತು. ಸುಳ್ಳು ಹೇಳಿ ಒಂದು ವರ್ಷ ಅಭ್ಯಾಸವಾದವನಿಗೆ ನಗುವುದು ಕಷ್ಟವೇನಲ್ಲ.

ಬೋರ್ಡಿನ ಮೇಲೆ ಇದ್ದದ್ದು ಅವನ ಹೆಸರಲ್ಲ, ಅವನ ಮಾತು. ಕವಾನಾ ಎಂದರೆ ಸೀಮೆಯ ಹಿರಿಯ; ಕೆರೆ ಇರುವ ಸೀಮೆಯ ಕವಾನಾ ಇವೀತಿ ತಾನೇ ಕೂತು ಮರದಲ್ಲಿ ಕೊರೆಸಿದ್ದ: ಮನುಷ್ಯ ಬರುವುದಕ್ಕೆ ಮುಂಚೆಯೇ ಇಲ್ಲಿ ಪುವಾ ಅರಳಿತ್ತು. ಪುವಾ ಎಂದರೆ ಬಿಳಿಯಾಗಿ ಅರಳಿ ಹಳದಿಯಾಗಿ ಬಾಡುವ, ಕತ್ತಲಾದಮೇಲೂ ಯಾವ ಮನೆಯ ಹಿತ್ತಲಲ್ಲಿದೆ ಎಂದು ಮೂಗಿಗೆ ಹೇಳುವ ಹೂವು. ಸತ್ತವರ ಆತ್ಮ ಕೆಳಗಿನ ಲೋಕಕ್ಕೆ ಇಳಿಯುವುದು ಪುವಾ ಮರದ ಕೊಂಬೆ ಹಿಡಿದೇ ಎಂದು ಅಜ್ಜಿಯರು ಹೇಳುತ್ತಿದ್ದರು. ಚರ್ಚಿನಲ್ಲಿ ಬೇರೆ ದಾರಿ ಹೇಳಿಕೊಟ್ಟಮೇಲೂ ಮರವನ್ನು ಯಾರೂ ಕಡಿಯಲಿಲ್ಲ. ದೊಡ್ಡ ದ್ವೀಪ ರರೊಟೊಂಗಾದಲ್ಲಿರುವ ನೆಂಟರು ಮಾತ್ರ ಪ್ರತಿ ಮದುವೆಯಲ್ಲೂ, ನಿಮ್ಮ ಪುವಾ ನಮ್ಮ ಬೆಟ್ಟದಿಂದ ನಮ್ಮಜ್ಜನ ದೋಣಿಯಲ್ಲಿ ಬಂದದ್ದು ಕಣ್ರಯ್ಯಾ ಎಂದು ಕೆಣಕುತ್ತಿದ್ದರು. ಅದಕ್ಕೆ ಉತ್ತರವಿರಲಿಲ್ಲ. ಕಳೆದ ವರ್ಷ ನೂರೋವಾ ಶಾಲೆಯ ಮೈಕ್ರೋಸ್ಕೋಪಿನಿಂದ ತಲೆಯೆತ್ತಿ, ಕೆರೆಯ ತಳದ ಕೆಸರಲ್ಲಿ, ಏಳು ಮೀಟರ್ ಕೆಳಗೆ, ಮನುಷ್ಯರ ಬೆಂಕಿಯ ಒಂದು ಚೂರು ಇದ್ದಿಲೂ ಇಲ್ಲದ ಪದರದಲ್ಲಿ ಪುವಾದ ಒಂಬತ್ತು ಪರಾಗಕಣ ಇವೆ ಎಂದ. ಅಲ್ಲಿಗೆ ನೆಂಟರ ಬಾಯಿ ಮುಚ್ಚಿತು. ರೇಡಿಯೋದವರು ಫೋನ್ ಮಾಡಿದರು. ಭಾನುವಾರದ ಪ್ರಾರ್ಥನೆಯಲ್ಲಿ ಒಂಬತ್ತು ಕಣಗಳಿಗೂ ಒಂದು ಆಮೆನ್ ಬಿತ್ತು.

ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ದೊಡ್ಡಮ್ಮ ಅಕೈತಿ. ಮೂರು ಊರುಗಳಲ್ಲಿ ಅವಳಷ್ಟು ಚೆನ್ನಾಗಿ ಹಾರ ಕಟ್ಟುವವರಿಲ್ಲ. ರೇಡಿಯೋದವನು ಅವಳನ್ನೂ ಮಾತನಾಡಿಸಿದಾಗ, ಪುವಾ ನಮ್ಮದೇ ಅಂತ ನಂಗೆ ಮೊದಲೇ ಗೊತ್ತಿತ್ತು, ಸೂಜಿಗೆ ಗೊತ್ತಾಗುತ್ತೆ ಎಂದಿದ್ದಳು. ನೂರೋವಾ ಆ ದಿನ ರೇಡಿಯೋ ಪಕ್ಕದಲ್ಲೇ ಕೂತು ಹೆಮ್ಮೆಯಿಂದ ಬೀಗಿದ್ದ. ಈಗ ಆ ಬೀಗಿದ್ದನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ. ಸ್ಕೂಟರ್ ಸುಣ್ಣಗಲ್ಲಿನ ಕಣಿವೆಗೆ ಇಳಿಯಿತು. ಎರಡೂ ಕಡೆ ಹಳೆಯ ಹವಳದ ಗೋಡೆ, ಮೇಲೆ ಒಂದು ಪಟ್ಟಿ ಆಕಾಶ. ಕೆಸುವಿನ ಎಲೆಗಳು ಕಾಲಿಗೆ ತಣ್ಣಗೆ ತಾಗುತ್ತಿದ್ದವು. ನ್ಯೂಜಿಲೆಂಡಿನ ಡ್ಯುನೆಡಿನ್ನಿನಲ್ಲಿ ಓದುತ್ತಿದ್ದಾಗ, ಕೆಸರು ಪರೀಕ್ಷಿಸುವ ಇಂಥದೇ ತಣ್ಣನೆಯ ಒಂದು ಕೋಣೆಯಿತ್ತು. ಒಳಗೆ ಹೋಗುವ ಮುಂಚೆ ಮೂರು ಸಲ ಕೈ ತೊಳೆಯಬೇಕು, ಬಿಳಿ ಕೋಟು ಹಾಕಬೇಕು, ತಲೆಗೆ ಟೋಪಿ. ಒಮ್ಮೆ ಯಾರೋ ಹುಡುಗಿಗೆ ಅವಳ ಗೆಳೆಯ ಒಂದು ಗುಲಾಬಿ ಕೊಟ್ಟು, ಅವಳು ಅದನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಬಂದಿದ್ದಕ್ಕೆ ಮುದುಕ ಪ್ರೊಫೆಸರು ಮೂರು ದಿನ ಕೋಣೆಗೆ ಬೀಗ ಹಾಕಿದ್ದ. ನಿಮಗೆ ಒಂದು ಹೂವು, ಕೆಸರಿಗೆ ಅದೊಂದು ಕಾಡು ಎಂದು ಅವನು ಗದರಿದ್ದು ನೂರೋವಾನಿಗೆ ಪೂರ್ತಿ ನೆನಪಿತ್ತು. ನೆನಪಿಲ್ಲ ಎಂದು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಕೆಸರಿನ ಕೊಳವೆ ತೆರೆದ ದಿನವೂ ನೆನಪಿತ್ತು. ಎರಡು ದೋಣಿ ಜೋಡಿಸಿ ಕಟ್ಟಿ, ಕೆರೆಯ ನಡುವೆ ನಿಂತು, ಹನ್ನೆರಡು ಜನ ಹಾಡು ಹೇಳಿಕೊಂಡು ಎಳೆದ ಕೊಳವೆ ಅದು. ಶಾಲೆಯ ಜಗಲಿಯಲ್ಲಿ ಸಾಲಾಗಿ ಜೋಡಿಸಿದ ಮೇಜುಗಳ ಮೇಲೆ ಅದನ್ನು ಮಲಗಿಸಿದ್ದರು. ಪ್ರಾರ್ಥನೆಯಿಲ್ಲದೆ ಡಬ್ಬಿಯನ್ನೂ ತೆರೆಯದ ಊರು. ಸಾವಿರದೈನೂರು ವರ್ಷದ ಕೆಸರನ್ನು ಹಾಗೇ ತೆರೆಯುತ್ತಾರೆಯೇ? ಪ್ರಾರ್ಥನೆಯಾಯಿತು, ಹಾಡಾಯಿತು, ಎಲ್ಲರ ಕೊರಳಿಗೂ ಹಾರ ಬಿತ್ತು. ನೂರೋವಾನ ಕೊರಳಿಗೆ ಬಿದ್ದದ್ದು ದೊಡ್ಡಮ್ಮನ ಹಾರ, ಎದೆಯವರೆಗೆ ಇಳಿಬಿದ್ದದ್ದು, ಪುವಾ ಮತ್ತು ತಿಪಾನಿ ಹೂಗಳು ಒಂದಾದಮೇಲೊಂದು. ಅವನು ಕೊಳವೆ ತೆರೆದು, ಒಳಗಿನ ಕೆಸರನ್ನು ತಂತಿಯಿಂದ ಉದ್ದಕ್ಕೆ ಸೀಳಿದ. ಹಾರ ತೆಗೆದಿಡಬೇಕು ಎಂದು ಅನ್ನಿಸಿತು. ಅನ್ನಿಸಿದ್ದು ನಿಜ, ಎರಡು ಸಲ ಅನ್ನಿಸಿತು. ಆದರೆ ದೊಡ್ಡಮ್ಮ ಎರಡು ಹೆಜ್ಜೆ ದೂರದಲ್ಲಿ ನಿಂತು ಕೆಸರನ್ನಲ್ಲ, ಹಾರವನ್ನು ನೋಡುತ್ತಿದ್ದಳು. ಹಾಕಿದವರ ಕಣ್ಣೆದುರು ಹಾರ ತೆಗೆಯುವುದೆಂದರೆ ಬಡಿಸಿದವರ ಎದುರು ತುತ್ತು ಉಗುಳಿದ ಹಾಗೆ. ಬಾಡುವವರೆಗೆ ಅದು ಕೊರಳಲ್ಲೇ ಇರಬೇಕು. ಹಾಗಾಗಿ ಅವನು ಒಂದು ಕೈಯಲ್ಲಿ ಹಾರವನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಚಿಮಟ ಹಿಡಿದು, ಬಗ್ಗಿ ಬಗ್ಗಿ ಕೆಸರಿನ ಚೂರು ತೆಗೆದ. ಏಳನೇ ಮೀಟರಿಗೆ ಬರುವ ಹೊತ್ತಿಗೆ ಬೆನ್ನು ನೋವು ಬಂದು, ಎದೆಗೊತ್ತಿದ್ದ ಕೈಯನ್ನು ಮೇಜಿಗೆ ಊರಿದ್ದ.

ಎಣಿಕೆಯನ್ನು ಡ್ಯುನೆಡಿನ್ನಿಗೆ ಕಳಿಸಿದಮೇಲೆ ಅಲ್ಲಿಂದ ಬಂದ ಪತ್ರದಲ್ಲಿ ಒಂದೇ ಪ್ರಶ್ನೆ ಇತ್ತು. ಪುವಾದಂಥ ಹೂವಿನ ಪರಾಗ ಗಾಳಿಯಲ್ಲಿ ಹಾರುವಂಥದ್ದಲ್ಲ, ಹುಳುಹುಪ್ಪಟೆ ಹೊರುವಂಥದ್ದು. ಕೆರೆಯ ನಡುವೆ ಒಂಬತ್ತು ಕಣ ಒಟ್ಟಿಗೆ ಸಿಗುವುದು ವಿಚಿತ್ರ. ಕೊಳವೆ ತೆರೆದ ದಿನ ಹತ್ತಿರದಲ್ಲಿ ಹೂವೇನಾದರೂ ಇತ್ತೇ? ನೂರೋವಾ ಆ ಪ್ರಶ್ನೆಯ ಮುಂದೆ ಒಂದು ಮಧ್ಯಾಹ್ನ ಪೂರ್ತಿ ಕೂತಿದ್ದ. ಇತ್ತು ಎಂದರೆ, ಮೂವತ್ತು ಜನ, ಮೂವತ್ತು ಹಾರ, ಹಾಡು, ಮೇಜಿನ ಮೇಲೆ ಬಾಳೆಎಲೆಯಲ್ಲಿ ಸುಟ್ಟ ಹಾವುಮೀನು. ಅಲ್ಲಿನ ಬಿಳಿಕೋಟಿನವರು ಅದನ್ನು ಓದಿ ನಗುವುದು ಅವನಿಗೆ ಇಲ್ಲಿಂದಲೇ ಕೇಳಿಸಿತು. ಇತ್ತು ಎಂದರೆ ದೊಡ್ಡಮ್ಮನ ಹಾರವೇ ಕಳ್ಳ ಎಂದಾಗುತ್ತದೆ. ಹೂವಿಲ್ಲದೆ ಯಾರೂ ಕೆಮ್ಮದ ದ್ವೀಪದಲ್ಲಿ ಕೂತು ಅವನು ಬರೆದ: ಇಲ್ಲ. ಕಳಿಸಿದ ಮೇಲೆ ಹಗುರವಾಯಿತು. ಆ ಹಗುರ ನಾಲ್ಕು ದಿನ ಇತ್ತು.

ಮೊನ್ನೆ ಗುರುವಾರ, ಮಕ್ಕಳಿಗೆ ತೋರಿಸಲೆಂದು ಅವನು ತಾಜಾ ಪುವಾದ ಪರಾಗವನ್ನು ಕೆಸರಿಗೆ ಮಾಡುವ ಹಾಗೆಯೇ ಆಮ್ಲದಲ್ಲಿ ಕುದಿಸಿ ಗಾಜಿನ ಪಟ್ಟಿಯ ಮೇಲಿಟ್ಟ. ನೋಡಿದರೆ ಅದೇ ಮುಖ. ಏಳು ಮೀಟರಿನಲ್ಲಿದ್ದ ಉಳಿದ ಕಣಗಳೆಲ್ಲ, ಹೆಸರೇ ಗೊತ್ತಿಲ್ಲದ ತಾಳೆಯದ್ದು, ಜರೀಗಿಡಗಳದ್ದು, ಕಂದುಗಟ್ಟಿ, ಮುದುರಿ, ಒಂದರ ಮೇಲೊಂದು ಬಿದ್ದು ಚಪ್ಪಟೆಯಾದವು. ಪುವಾದ ಒಂಬತ್ತು ಮಾತ್ರ ಈಗತಾನೇ ಮುಖ ತೊಳೆದು ಬಂದಂತೆ ದುಂಡಗೆ, ತಿಳಿಯಾಗಿ ಇದ್ದವು. ಅವನು ಹಳೆಯ ಎಣಿಕೆಯ ಹಾಳೆ ತೆಗೆದ. ಗುರುತು ಸಿಗದ್ದು ಎಂಬ ಸಾಲಿನಲ್ಲಿ ಒಂದು ಗೆರೆ ಇತ್ತು. ಆ ಒಂದನ್ನು ಹುಡುಕಿ ಹಿಡಿದ. ತಿಪಾನಿ. ನಮ್ಮ ಸ್ಮಶಾನದಲ್ಲೆಲ್ಲ ಇರುವ ತಿಪಾನಿ, ಬೇರೆ ನಾಡುಗಳಲ್ಲಿ ದೇವಕಣಗಿಲೆ ಎನ್ನುವರಂತೆ, ಅಜ್ಜನ ಅಜ್ಜನ ಕಾಲದಲ್ಲಿ ಹಡಗಿನಲ್ಲಿ ಬಂದ ಗಿಡ. ಅದರ ಪರಾಗ ಹೂವಿನ ಕೊಳವೆಯ ಬುಡದಲ್ಲಿ ಅಡಗಿ ಕೂತಿರುತ್ತದೆ, ಜೇನುಹುಳಕ್ಕೂ ಸಿಗುವುದಿಲ್ಲ. ಹಾರ ಕಟ್ಟುವ ಸೂಜಿ ಮಾತ್ರ ಆ ಕೊಳವೆಯಲ್ಲಿ ಬುಡದಿಂದ ಬಾಯಿಯವರೆಗೆ ಹಾದು, ಅಡಗಿದ್ದನ್ನೆಲ್ಲ ದಾರಕ್ಕೆ ಮೆತ್ತಿಕೊಂಡು ಬರುತ್ತದೆ. ಒಂದು ವರ್ಷದ ಹಿಂದೆ ಆ ಗೆರೆ ಎಳೆಯುವಾಗ ತನಗೆ ನಿಜವಾಗಿ ಗುರುತು ಸಿಕ್ಕಿರಲಿಲ್ಲವೇ ಎಂದು ಕೇಳಿಕೊಂಡ. ಉತ್ತರ ಹೇಳಲು ಅವನಿಗೆ ಇಷ್ಟವಿರಲಿಲ್ಲ.

ದೊಡ್ಡಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು ಪೋಣಿಸುತ್ತಿದ್ದಳು. ಅವಳ ಮುಂದೆ ಒದ್ದೆ ಬಟ್ಟೆಯ ಮೇಲೆ ಹೂವಿನ ರಾಶಿ.

"ಬ್ರೆಡ್ ಯಾಕೆ ತಂದೆ? ನಾನ್ ಹೇಳಿದ್ನಾ?"

"ಇರ್ಲಿ ಅಂತ."

"ಇರ್ಲಿ ಅಂತ ತರೋನು ಇವತ್ತು ಏನೋ ಮುಚ್ಚಿಡ್ತಿದಾನೆ ಅಂತ ಅರ್ಥ. ಭಾಷಣ ಮರೆತ್ಯಾ?"

ಇಲ್ಲ ಎಂದ. ಮತ್ತೆ ಇಲ್ಲ. ಈ ಪದ ತನ್ನ ಬಾಯಿಗೆ ಎಷ್ಟು ಸಲೀಸಾಗಿ ಬರುತ್ತದೆ ಎಂದು ಅಸಹ್ಯವಾಯಿತು. ಕುಳಿತು ತೆಂಗಿನಕಾಯಿ ತುರಿಯತೊಡಗಿದ. ಅವಳು ಮಾತಾಡುತ್ತಲೇ ಇದ್ದಳು: ರರೊಟೊಂಗಾದಿಂದ ನೆಂಟರು ಬೆಳಗಿನ ವಿಮಾನಕ್ಕೆ ಬಂದಾಗಿದೆ, ಮುಖ ಇಷ್ಟು ಮಾಡಿಕೊಂಡು ಬಂದಿದ್ದಾರೆ, ಬೋರ್ಡು ನೋಡಿದ ಮೇಲೆ ಇನ್ನಿಷ್ಟಾಗುತ್ತದೆ, ಹಂದಿ ಬಿಸಿಗಲ್ಲಿನ ಒಲೆಗುಂಡಿಗೆ ಇಳಿದು ಮೂರು ಗಂಟೆಯಾಯಿತು, ಕವಾನಾನಿಗೆ ಹೊಸ ಟೋಪಿ ಬೇಕಂತೆ, ತಲೆ ಒಂದೇ ಇದೆ, ಟೋಪಿ ಹದಿನಾಲ್ಕು. ಅವಳ ಸೂಜಿ ಹೂವಿನೊಳಗೆ ಹೋಗಿ ಹೊರಬರುವುದನ್ನು ಅವನು ನೋಡುತ್ತಿದ್ದ. ಪ್ರತಿ ಸಲವೂ ದಾರದ ಮೇಲೆ ಹಳದಿ ಪುಡಿಯ ಒಂದು ಗುರುತು. ಈಗ ಹೇಳಬೇಕು, ಈ ಹೂವು ದಾಟಿದಮೇಲೆ ಹೇಳಬೇಕು, ಅದರ ಮುಂದಿನದು ದಾಟಿದಮೇಲೆ. ಹೂವು ಮುಗಿದವು. ಅವಳು ಗಂಟು ಹಾಕಿ ಹಲ್ಲಿನಿಂದ ದಾರ ಕಡಿದಳು. ತುರಿದ ಕಾಯಿ ಒಂದು ಬುಟ್ಟಿಯಾಗಿತ್ತು, ಅಷ್ಟು ಬೇಕಿರಲಿಲ್ಲ.

ಎರಡು ಗಂಟೆಗೆ ಕೆರೆಯ ದಂಡೆಯಲ್ಲಿ ಮೂರು ಊರಿನ ಜನ ಸೇರಿದ್ದರು. ಬೋರ್ಡಿಗೆ ಬಟ್ಟೆ ಮುಚ್ಚಿ ಎರಡು ಪೀಪಾಯಿಯ ಮೇಲೆ ಒರಗಿಸಿದ್ದರು. ಹಾಡಾಯಿತು, ಗಂಡಸರು ತಗ್ಗಿನಲ್ಲಿ ಗುಡುಗುತ್ತ, ಹೆಂಗಸರು ಎತ್ತರದಲ್ಲಿ ಎಳೆಯುತ್ತ, ಮುಗಿಯಬೇಕಾದಲ್ಲಿ ಯಾರಿಗೂ ಮುಗಿಸಲು ಮನಸ್ಸಿಲ್ಲದೆ ಇನ್ನೊಂದು ಸುತ್ತು ಹೋಯಿತು. ದೊಡ್ಡಮ್ಮ ಬಂದು ಅವನ ಕೊರಳಿಗೆ ಹಾರ ಹಾಕಿ ಕೆನ್ನೆಗೆ ಕೆನ್ನೆ ತಾಗಿಸಿದಳು. ಹೂವಿನ ತಂಪು ಅಂಗಿಯೊಳಗೆ ಇಳಿಯಿತು. ನೂರೋವಾ ಎದ್ದು ನಿಂತ. ಜೇಬಿನಲ್ಲಿ ಭಾಷಣದ ಹಾಳೆ ಇತ್ತು, ಒಳ್ಳೆಯ ಭಾಷಣ, ಎರಡು ನಗೆಮಾತು ಕೂಡ ಇದ್ದವು. ಎದುರಿಗೆ ಅವನ ಶಾಲೆಯ ಇಪ್ಪತ್ತಾರು ಮಕ್ಕಳು ಸಾಲಾಗಿ ಕೂತಿದ್ದರು. ಎಣಿಸಿದ್ದನ್ನಷ್ಟೇ ಬರೆಯಬೇಕು ಎಂದು ಇವರ ಕೈಯಲ್ಲೇ ನೂರು ಸಲ ಬರೆಸಿದ್ದ. ಮೊದಲ ಸಾಲಿನ ಹುಡುಗಿಯೊಬ್ಬಳು ಬಾಯಿ ಅಗಲಿಸಿ ಆಕಳಿಸಿದಳು. ಯಾಕೋ ಆ ಆಕಳಿಕೆ ಅವನಿಗೆ ಧೈರ್ಯ ಕೊಟ್ಟಿತು. ಇಡೀ ಲೋಕ ಅವನ ಬಾಯನ್ನೇ ಕಾಯುತ್ತಿಲ್ಲ ಎಂದು ಗೊತ್ತಾಯಿತು.

ಅವನು ಹಾಳೆ ತೆಗೆಯದೆ ಹೇಳಿದ. ಪುವಾದ ಕಣಗಳು ಹಳೆಯವಲ್ಲ, ಕೊಳವೆ ತೆರೆದ ದಿನ ಒಂದು ಹಾರದಿಂದ ಬಿದ್ದವು, ಜೊತೆಗೆ ಒಂದು ತಿಪಾನಿಯೂ ಬಿದ್ದಿದೆ, ತಿಪಾನಿ ಸುಳ್ಳು ಹೇಳುವುದಿಲ್ಲ ಎಂದ. ಮೂವತ್ತು ಹಾರ ಇದ್ದವಲ್ಲ, ಯಾವುದರದ್ದೆಂದು ಅವನು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ; ಪುವಾ, ತಿಪಾನಿ ಜೋಡಿಸಿ ಕಟ್ಟುವವಳು ಒಬ್ಬಳೇ, ಎಲ್ಲ ಟೋಪಿಗಳೂ ಅವಳ ಕಡೆ ತಿರುಗಿದವು. ಅದು ನೋಡಿ ಅವನು ಗಾಬರಿಯಿಂದ ಇನ್ನೂ ಮುಂದೆ ಹೋದ. ತಪ್ಪು ಹಾರದ್ದಲ್ಲ, ನನ್ನದು. ಹೂವಿತ್ತಾ ಅಂತ ಡ್ಯುನೆಡಿನ್ನಿನವರು ಕಾಗದ ಬರೆದು ಕೇಳಿದ್ದರು, ಹೂವೇ ಇರಲಿಲ್ಲ ಅಂತ ನಾನು ಬರೆದೆ. ಸುಳ್ಳು ಬರೆದೆ.

ರರೊಟೊಂಗಾದ ನೆಂಟರ ಕಡೆಯಿಂದ ಒಂದು ನಗು ಹೊರಟಿತು, ಅದನ್ನು ತಡೆಯಲು ಹೋದವನೂ ನಕ್ಕ. ಕವಾನಾ ಇವೀತಿ ಕೋಲು ಊರಿ ಎದ್ದ.

"ಹಂಗಾದ್ರೆ ಪುವಾ ಇರ್ಲಿಲ್ವೇನೋ?"

"ಇರ್ಲಿಲ್ಲ ಅಂತಾನೂ ಹೇಳಕ್ಕಾಗಲ್ಲ ಕವಾನಾ. ಇತ್ತು ಅಂತ ನಾನು ಹೇಳಿದ್ದು ತಪ್ಪು, ಅಷ್ಟೇ."

"ಮತ್ತೆ ಏನಿತ್ತು?"

"ಒಂದು ತಾಳೆ ಇತ್ತು. ಈಗ ಎಲ್ಲೂ ಇಲ್ಲ. ಅದಕ್ಕೆ ಹೆಸರೂ ಇಲ್ಲ."

ಕವಾನಾ ಬೋರ್ಡನ್ನು ನೋಡಿದ, ಹಂದಿಯ ಹೊಗೆ ಬರುತ್ತಿದ್ದ ಕಡೆ ನೋಡಿದ. ಕೊರೆಸಿದ್ದು ಕೊರೆಸಿ ಆಯಿತು, ಆ ಹಲಗೆಯನ್ನು ಮುಖ ಕೆಳಗೆ ಮಾಡಿ ಪೀಪಾಯಿಗಳ ಮೇಲೆ ಮಲಗಿಸಿ, ಊಟಕ್ಕೆ ಮೇಜು ಸಾಲದು ಅಂತಿದ್ರಲ್ಲ ಎಂದ. ನಾಲ್ಕು ಜನ ಮಲಗಿಸಿದರು. ಬಾಳೆಎಲೆ ಹಾಸಿದರು. ಹಸಿದ ಜನಕ್ಕೆ ಇತಿಹಾಸದ ಚಿಂತೆ ಹೆಚ್ಚು ಹೊತ್ತು ಇರುವುದಿಲ್ಲ. ಐದು ನಿಮಿಷದಲ್ಲಿ ಹಲಗೆಯ ಮೇಲೆ ಕೆಸುವಿನ ಗೆಡ್ಡೆ ಬಂತು, ತೆಂಗಿನಹಾಲಲ್ಲಿ ಬೆಂದ ಎಲೆ ಬಂತು. ನೂರೋವಾನ ಬೆನ್ನಿಗೆ ಯಾರೋ ಗುದ್ದಿ, ತಾಳೆ ಮೇಷ್ಟ್ರೇ ಎಂದು ಕರೆದರು. ಹೆಸರು ಅಂಟಿತು, ಇನ್ನು ಸಾಯುವವರೆಗೆ ಬಿಡುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ಇಷ್ಟೇ ಆಗಿದ್ದರೆ ಅವನು ಕೂತು ಊಟ ಮಾಡುತ್ತಿದ್ದ. ಆದರೆ ದೊಡ್ಡಮ್ಮ ಅಲ್ಲಿ ಇರಲಿಲ್ಲ.

ಅವಳು ಕೆಸುವಿನ ಗದ್ದೆಯ ಬದುವಿನ ಮೇಲೆ, ಟೋಪಿ ತೊಡೆಯ ಮೇಲಿಟ್ಟುಕೊಂಡು, ಕಾಲನ್ನು ನೀರಿಗೆ ಬಿಟ್ಟು ಕೂತಿದ್ದಳು. ಅವನು ಎಂಟು ತಿಂಗಳವನಿದ್ದಾಗ ತಾಯಿ ಅವನನ್ನು ಈ ಅಕ್ಕನ ಮಡಿಲಿಗೆ ಹಾಕಿದ್ದಳು. ಸಾಕಲು ಕೊಡುವುದು ಇಲ್ಲಿ ದೊಡ್ಡ ಸುದ್ದಿಯೇನಲ್ಲ. ತಾಯಿ ಆಚೆಯ ಊರಲ್ಲಿ ಚೆನ್ನಾಗಿದ್ದಾಳೆ, ಮೀನು ಕಳಿಸುತ್ತಾಳೆ. ಅವನ ಜ್ವರ, ಅವನ ಹಲ್ಲು, ಅವನ ಹಡಗಿನ ಟಿಕೆಟ್ಟು, ಎಲ್ಲ ನೋಡಿಕೊಂಡವಳು ಇವಳು. ಆದರೂ ಯಾರಾದರೂ ಕೇಳಿದರೆ, ನನ್ನ ತಂಗಿ ಮಗ ಎಂದೇ ಹೇಳುತ್ತಿದ್ದಳು. ತಂಗಿಯ ಹಕ್ಕಿಗೆ ಕೈಹಾಕಬಾರದೆಂಬ ಅವಳ ಮರ್ಯಾದೆ ಅದು. ನೂರೋವಾ ಬದುವಿನ ಮೇಲೆ ಸ್ವಲ್ಪ ದೂರ ಬಿಟ್ಟು ಕುಳಿತ. ಎಲ್ಲರೆದುರು ನಿನ್ನ ಹಾರಕ್ಕೆ ಕೆಟ್ಟ ಹೆಸರು ತಂದೆ, ತಪ್ಪಾಯಿತು ಎಂದ. ಅವಳು ತಿರುಗಲಿಲ್ಲ.

"ಅವರು ಏನಂತ ಕೇಳಿದ್ರು? ಸರಿಯಾಗಿ ಹೇಳು."

"ಕೊಳವೆ ತೆರೆದ ದಿನ ಹತ್ರದಲ್ಲಿ ಹೂವಿತ್ತಾ ಅಂತ."

"ನೀನು ಇಲ್ಲ ಅಂತ ಬರ್ದೆ."

"ನಿನಗೆ ನೋವಾಗುತ್ತೆ ಅಂತ ದೊಡ್ಡಮ್ಮ. ಹಾರದಿಂದ್ಲೇ ಹಾಳಾಯ್ತು ಅಂತ ಜನ ಆಡ್ಕೋತಾರೆ ಅಂತ."

"ಆಡ್ಕೊಳ್ಲಿ. ಹೂವು ಅಂದ್ಮೇಲೆ ಉದುರುತ್ತೆ. ಕೆಸರಿಗೆ ಬಿತ್ತು, ಬಿತ್ತು, ನಂಗೇನಂತೆ." ಈಗ ಅವಳು ತಿರುಗಿದಳು. ಕಣ್ಣು ಕೆಂಪಾಗಿತ್ತು. "ಹಾರಾನೇ ಇರ್ಲಿಲ್ಲ ಅಂತ ಹೆಂಗೋ ಬರ್ದೆ? ಕೋಳಿ ಕೂಗೋ ಮುಂಚೆ ಎದ್ದು ಆ ಕಲ್ಲು ಹತ್ತಿ ಕಿತ್ತಿದ್ದು ನಾನು. ನಿನ್ನ ಕೊರಳಲ್ಲಿ ಇಷ್ಟುದ್ದ ಇತ್ತು. ಯಾವುದೋ ಊರಿನ ಯಾರೋ ಕೇಳಿದ್ರು ಅಂತ, ಆ ಕೊರಳು ಬರಿದಾಗಿತ್ತು ಅಂತ ಬರೆದ್ಯಲ್ಲ."

ಒಂದು ವರ್ಷದಿಂದ ಅವನು ತನ್ನ ತಪ್ಪನ್ನು ಎಲ್ಲ ಕಡೆಯಿಂದ ತಿರುಗಿಸಿ ತಿರುಗಿಸಿ ನೋಡಿದ್ದ, ಈ ಕಡೆಯಿಂದ ಮಾತ್ರ ನೋಡಿರಲಿಲ್ಲ. ಅವಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದ. ಬಿಳಿಕೋಟಿನವರ ಎದುರು ನಾಚಿಕೆಪಟ್ಟು ಅವಳನ್ನು ಅಳಿಸಿಹಾಕಿದ್ದ. ನಾಚಿಕೆಗೇಡು ಯಾವುದೆಂದು ಈಗ ಗೊತ್ತಾಯಿತು. ಕೆರೆಯ ಕಡೆಯಿಂದ ನಗು, ತಟ್ಟೆಗಳ ಸದ್ದು ಬರುತ್ತಿತ್ತು.

"ಪೆನ್ನಿದೆಯಾ?" ಎಂದಳು.

ಇತ್ತು. ಭಾಷಣದ ಹಾಳೆಯನ್ನು ಮಗುಚಿ ಮಂಡಿಯ ಮೇಲಿಟ್ಟುಕೊಂಡ. ಈಗ ಕಾಗದ ಯಾರೂ ಬರೆಯುವುದಿಲ್ಲ, ಕಂಪ್ಯೂಟರಿನಲ್ಲಿ ಕಳಿಸುತ್ತೇನೆ ಎಂದು ಹೇಳಲು ಹೊರಟವನು ಸುಮ್ಮನಾದ. ದೊಡ್ಡಮ್ಮನ ಲೆಕ್ಕದಲ್ಲಿ ನಾಡಿದ್ದಿನ ವಿಮಾನದಲ್ಲಿ ಹೋಗುವುದೇ ಕಾಗದ. ಹೂವಿತ್ತು ಅಂತ ಮೊದಲು ಬರಿ ಎಂದಳು. ಬರೆದ. ಪುವಾ ಮೂವತ್ತೊಂದು, ತಿಪಾನಿ ಮೂವತ್ತು, ಪುವಾದಿಂದ ಶುರುವಾಗಿ ಪುವಾದಲ್ಲೇ ಮುಗಿಯೋದು. ಪುವಾ ಕಿತ್ತದ್ದು ಕೆರೆಯ ಮೇಲಿನ ಕಲ್ಲಿನಲ್ಲಿ, ತಿಪಾನಿ ನಮ್ಮಮ್ಮನ ಸಮಾಧಿ ಪಕ್ಕದಲ್ಲಿ. ಇಷ್ಟು ಸರಿಯಾದ ಟಿಪ್ಪಣಿ ಅವನು ಕೆಸರಿನ ಬಗ್ಗೆಯೂ ಬರೆದಿರಲಿಲ್ಲ. ಕಟ್ಟಿದವಳು ಅಕೈತಿ ಅಂತ ಬರಿ. ಅಕ್ಷರ ತಪ್ಪಿದರೆ ನೋಡು ಎಂದು ಅವಳು ಹತ್ತಿರ ಸರಿದು ಅವನ ಭುಜದ ಮೇಲಿಂದ ಬಗ್ಗಿ ಓದಿದಳು.

"ಯಾರು ಹಾಕ್ಕೊಂಡಿದ್ರು ಅಂತ ಕೇಳಲ್ವಾ ಅವರು?"

"ಕೇಳ್ತಾರೆ."

ಅವನು ನೂರೋವಾ ಎಂದು ಬರೆಯಲು ಶುರು ಮಾಡಿದ. ಮೊದಲ ಅಕ್ಷರಕ್ಕೇ ಅವಳು ಅವನ ಮೊಣಕೈ ಹಿಡಿದಳು.

"ಹೆಸರು ಬೇಡ. ಅವರಿಗೆ ಯಾವ ನೂರೋವಾ ಗೊತ್ತು? ನನ್ನ ಮಗ ಅಂತ ಬರಿ."

ಅವನು ಆ ಅಕ್ಷರವನ್ನು ಹೊಡೆದುಹಾಕಿ, ನಿಧಾನವಾಗಿ, ಅವಳಿಗೆ ಕಾಣುವ ಹಾಗೆ ದೊಡ್ಡದಾಗಿ ಬರೆದ: ಹಾರ ಹಾಕಿಕೊಂಡಿದ್ದವನು ಅವಳ ಮಗ.